ಗುರುವಾಯನಕೆರೆಯಲ್ಲಿ ತೆರೆಯದ ಬಾಗಿಲು

ಗಿರಿಜಕ್ಕ, ನಿಮ್ಮ ಅಕ್ಕ ಯಾರಿಗೂ ಹೇಳಿರಲಿಲ್ಲ. ನೀವು ಗುರುವಾಯನಕೆರೆಯಲ್ಲಿ ಇಳಿದು ಹೋಗಲಿದ್ದ ಗುಟ್ಟನ್ನು ಹೊರಗೆ ಹಾಕಿದವನು ನಾನು — ಬಸ್ಸಿನ ಡ್ರೈವರ್ ಶೀನ. ಅದಕ್ಕಿಂತ ಮೊದಲು ನಿಮಗೊಂದು ಸುಳ್ಳು ಹೇಳಿದವನೂ ನಾನೇ. ಬಾಯಿಬಿಟ್ಟು ಹೇಳಲಿಲ್ಲ, ತಲೆ ಆಡಿಸಿದೆ ಅಷ್ಟೆ. ಅಷ್ಟರಿಂದಲೇ ಒಡಹುಟ್ಟಿದ ನೀವಿಬ್ಬರು ಇಷ್ಟು ವರ್ಷ ಮಾತು ಬಿಟ್ಟು ಕುಳಿತಿದ್ದೀರಿ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಮಾತು. ನಾನು ಬೆಳ್ತಂಗಡಿಯಿಂದ ಮೂಡಬಿದಿರೆಗೆ ಬಸ್ಸು ಬಿಡುತ್ತಿದ್ದೆ. ಆ ಬಸ್ಸಿನ ಕ್ಯಾಬಿನು ನಿಮಗೆ ಮರೆತಿರಲಾರದು. ಪ್ರಯಾಣಿಕರಿಗೂ ನಮಗೂ ನಡುವೆ ಹಲಗೆಯ ಅಡ್ಡ, ಅದರ ಮೇಲೆ ಕಬ್ಬಿಣದ ಸರಳು. ಬಲಕ್ಕೆ ನಾನು, ನಡುವೆ ಗೋಣಿ ಹೊದಿಸಿದ ಎಂಜಿನಿನ ಪೆಟ್ಟಿಗೆ, ಎಡಕ್ಕೆ ಇಬ್ಬರು ಒತ್ತಿಕೊಂಡು ಕೂರುವಂಥ ಒಂದು ಸೀಟು. ಕಾಲಿಡುವಲ್ಲಿ ಹುಲ್ಲು ಸುತ್ತಿ ಕಟ್ಟಿದ ಯಾರದೋ ಅಕ್ಕಿಮುಡಿ, ಗಾಜಿನ ಬುಡದಲ್ಲಿ ಪೇಪರಿನ ಕಟ್ಟು, ತಲೆಯ ಮೇಲೆ ಮಲ್ಲಿಗೆಯ ಬುಟ್ಟಿ. ಉಳಿದ ಜಾಗದಲ್ಲಿ ಮನುಷ್ಯರು. ಒಂಟಿಯಾಗಿ ಹೊರಟ ಹೆಂಗಸರನ್ನು, ಬಸುರಿಯರನ್ನು ಅಲ್ಲೇ ಕೂರಿಸುವುದು ಕ್ರಮ. ಮನೆಯವರು ಹತ್ತಿಸಿ, "ಶೀನ, ಕೈಗೇ ಒಪ್ಪಿಸಬೇಕು, ನಡುವೆ ಎಲ್ಲಿಯೂ ಇಳಿಸಬೇಡ" ಎನ್ನುತ್ತಿದ್ದರು. ಎಲ್ಲರೂ ಆಡುತ್ತಿದ್ದ ಮಾತು ಅದು. ಮಲ್ಲಿಗೆಯ ಬುಟ್ಟಿಯನ್ನು ಒಪ್ಪಿಸುವಾಗಲೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು.

ಎಡಬಾಗಿಲಿನ ಒಳಗಿನ ಹಿಡಿಕೆ ಮುರಿದಿತ್ತು. ಹೊರಗಿನಿಂದ ನಾನೇ ಬಂದು ತೆರೆಯಬೇಕು. ಹೊಸ ಹಿಡಿಕೆ ಹಾಕಿಸುವುದು ದೊಡ್ಡ ಕೆಲಸವೇನಲ್ಲ — ಆದರೆ ನಾನು ಇಳಿದು, ಸುತ್ತು ಬಂದು ಬಾಗಿಲು ತೆರೆಯುವವರೆಗೆ ದೊಡ್ಡ ಮನೆಯವರೂ ಕಾದು ಕೂರುವುದು ನನಗೆ ಹಿತವಾಗಿತ್ತು. ಹೇಳಲು ನಾಚಿಕೆಯಾಗುತ್ತದೆ.

ಆ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ನಿಮ್ಮನ್ನು ಹತ್ತಿಸಿದವರು ನಿಮ್ಮ ಭಾವ. ಅಕ್ಕನ ಮಗುವನ್ನು ನೋಡಿಕೊಳ್ಳಲು ಬಂದಿದ್ದ ನಿಮ್ಮನ್ನು ಮೂಡಬಿದಿರೆಗೆ, ಸೋದರಮಾವನ ಮನೆಗೆ ಕಳಿಸುತ್ತಿದ್ದರು. ಅಲ್ಲಿ ನಿಮ್ಮ ಮದುವೆಯ ಮಾತು ಮುಗಿದಾಗಿತ್ತು — ಹೆಂಡತಿ ಸತ್ತ, ಎರಡು ಮಕ್ಕಳ ತಂದೆಯೊಬ್ಬರ ಜೊತೆ. ಭಾವನೂ ಎಲ್ಲರ ಹಾಗೆ "ನಡುವೆ ಎಲ್ಲಿಯೂ ಇಳಿಸಬೇಡ" ಎಂದರು. ನಿಮ್ಮ ಮುಖ ಬಿಳಿಚಿಕೊಂಡದ್ದನ್ನು ಕಂಡೆ. ಯಾಕೆಂದು ಆಗ ತಿಳಿಯಲಿಲ್ಲ.

ಗುರುವಾಯನಕೆರೆಯಲ್ಲಿ ದಾರಿ ಎರಡಾಗುತ್ತದೆ. ಒಂದು ವೇಣೂರಿನ ಮೇಲೆ ಮೂಡಬಿದಿರೆಗೆ, ಇನ್ನೊಂದು ಬಂಟ್ವಾಳದ ಮೇಲೆ ಮಂಗಳೂರಿಗೆ. ಮಂಗಳೂರಿನ ಬಸ್ಸು ಎದುರಿಗೇ ನಿಂತಿತ್ತು. ನೀವು ಎಂಜಿನಿನ ಪೆಟ್ಟಿಗೆಯ ಮೇಲಿನಿಂದ ನನ್ನ ಕಡೆ ಬಾಗಿದಿರಿ.

"ಶೀನಣ್ಣ, ಬಾಗಿಲು ತೆಗೀರಿ. ನಾನು ಆ ಬಸ್ಸಿಗೆ ಹೋಗ್ತೇನೆ. ಆಸ್ಪತ್ರೆಯಲ್ಲಿ ನರ್ಸ್ ಕಲಿಯಲಿಕ್ಕೆ ಜಾಗ ಸಿಕ್ಕಿದೆ, ಇವತ್ತೇ ಸೇರ್ಬೇಕು. ಮಾವನಿಗೆ ಗೊತ್ತಿಲ್ಲ."

ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ನಿಮ್ಮ ಮಾವ, ನಮಗೆಲ್ಲ ಧನಿಗಳು, ಬಸ್ಸಿನ ಮಾಲೀಕರಿಗೆ ಒಂದು ಮಾತು ಹೇಳಿದರೆ ನನ್ನ ಕೆಲಸ ಹೋದಂತೆಯೇ. ಅದು ನಿಜ. ಆದರೆ ಅದಷ್ಟೇ ಅಲ್ಲ... ಶೀನನ ಕೈಗೆ ಒಪ್ಪಿಸಿದ್ದು ತಪ್ಪಿಹೋಗುವುದಿಲ್ಲ ಎಂಬ ಹೆಸರು ನನಗೆ ನಿಮ್ಮ ಬದುಕಿಗಿಂತ ದೊಡ್ಡದಾಗಿ ಕಂಡಿತು.

ನೀವು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಡಿಕೆಗಾಗಿ ತಡಕಾಡಿದಿರಿ. ಮೊಣಕಾಲು ಅಕ್ಕಿಮುಡಿಗೆ ಸಿಕ್ಕಿ ತಿರುಗಲಾಗದೆ, ಎಂಜಿನಿನ ಕಾವಿಗೆ ಬೆವರುತ್ತಾ — ಬೆರಳು ಅಲ್ಲಿಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೂಗಿದರೆ ಹಿಂದಿನವರು ಕೇಳುತ್ತಿದ್ದರು, ಆದರೆ ಅವರೆಲ್ಲ ನಿಮ್ಮ ಮಾವನ ಪರಿಚಯದವರೇ. ಆ ಇಕ್ಕಟ್ಟಿನಲ್ಲಿ ನಿಮಗೆ ಇದ್ದದ್ದು ನಾನೊಬ್ಬನೇ. ನೀವು ಕೈ ಒಳಗೆಳೆದುಕೊಂಡು ಕೇಳಿದಿರಿ:

"ಭಾವನಿಗೆ ಅಕ್ಕ ಹೇಳಿದ್ದಾ?"

ಭಾವ ವಾಡಿಕೆಗೆ ಆಡಿದ ಮಾತನ್ನು ನೀವು ಗುಟ್ಟು ತಿಳಿದೇ ಆಡಿದ್ದೆಂದುಕೊಂಡಿದ್ದಿರಿ. ನಿಮ್ಮ ಚೀಲ ಕಟ್ಟಿಕೊಟ್ಟು ಇಲ್ಲಿ ಇಳಿ ಎಂದು ಹೇಳಿಕೊಟ್ಟವರು ಅಕ್ಕ ಎಂಬುದು ಆ ಮಾತಿನಿಂದಲೇ ನನಗೆ ಹೊಳೆಯಿತು. ಹೌದೆಂದರೆ ನಿಮ್ಮ ಸಿಟ್ಟು ನನ್ನನ್ನು ಬಿಟ್ಟು ಅತ್ತ ಹೋಗುತ್ತದೆ ಎಂಬುದೂ ಹೊಳೆಯಿತು. ತಲೆ ಆಡಿಸಿದೆ. ಗೇರು ಹಾಕಿ ವೇಣೂರಿನ ಕಡೆ ತಿರುಗಿಸಿದೆ. ಮೂಡಬಿದಿರೆಯವರೆಗೆ ನಾನು ನಿಮ್ಮ ಕಡೆ ನೋಡಲಿಲ್ಲ.

ಅಲ್ಲಿ ಇಳಿದು ನೀವು ಮುಂದೆ ನಡೆದಿರಿ. ನಿಮ್ಮನ್ನು ಕರೆದೊಯ್ಯಲು ಬಂದಿದ್ದ ಧನಿಗಳು ಹಿಂದೆ ಉಳಿದು, "ದಾರಿಯಲ್ಲಿ ತೊಂದರೆ ಏನೂ ಇಲ್ಲವಲ್ಲ, ಶೀನ?" ಎಂದು ಸುಮ್ಮನೆ ಕೇಳಿದರು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮರುದಿನವಾದರೂ ನೀವು ಬೇರೆ ದಾರಿ ಹುಡುಕುತ್ತಿದ್ದಿರೇನೋ... ನಾನು ಎಲ್ಲವನ್ನೂ ಹೇಳಿದೆ. ಅವರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಳ್ಳಲೆಂದೇ ನಾನು ಹೇಳಿದ್ದು. ಮತ್ತೆ ನಿಮ್ಮನ್ನು ಅಂಗಳ ದಾಟಲು ಬಿಡಲಿಲ್ಲವೆಂದೂ ಮದುವೆಯನ್ನು ಬೇಗ ಮುಗಿಸಿದರೆಂದೂ ಕೇಳಿದೆ.

ಮದುವೆಯ ನಂತರವೂ ನೀವು ನನ್ನ ಬಸ್ಸಿನಲ್ಲಿ ಬಂದದ್ದುಂಟು. ಕ್ಯಾಬಿನಿನಲ್ಲಿ ಮಾತ್ರ ಒಮ್ಮೆಯೂ ಕೂರಲಿಲ್ಲ, ಜಾಗವಿಲ್ಲದಿದ್ದರೆ ಹಿಂದೆ ನಿಂತೇ ಬಂದಿರಿ. ವೇಣೂರಿನವರೆಗೆ ಬಂದು ತಿರುಗಿ ಹೋಗುತ್ತಿದ್ದಿರಿ, ಬೆಳ್ತಂಗಡಿಗೆ ಬರಲಿಲ್ಲ. ನಿಮ್ಮ ಅಕ್ಕ ಸರಸಕ್ಕ ಅದೇ ಸೀಟಿನಲ್ಲಿ ಕೂತು ಕೇಳುತ್ತಿದ್ದರು: "ಶೀನಣ್ಣ, ಗಿರಿಜ ಏನಾದ್ರೂ ಹೇಳ್ತಾಳಾ? ಮಾತಾಡಿಸ್ಲಿಕ್ಕೆ ಹೋದ್ರೆ ಎದ್ದು ಒಳಗೆ ಹೋಗ್ತಾಳೆ. ನಾನು ಏನು ಮಾಡಿದ್ದೇನೆ ಅಂತ?" ಆಗೆಲ್ಲ ಆ ಕ್ಯಾಬಿನಿನಲ್ಲಿ ಸಿಕ್ಕಿಬಿದ್ದವನು ನಾನು. ರಸ್ತೆ ನೋಡುತ್ತಾ ಬಸ್ಸು ಬಿಟ್ಟೆ. ಪ್ರತಿಸಲವೂ, ಮುಂದಿನ ತಿರುವು ಕಳೆಯಲಿ, ಹೇಳುವ ಎಂದುಕೊಳ್ಳುತ್ತಾ — ಹೇಳಲಿಲ್ಲ.

ಮೊನ್ನೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ನಾನು ಹೇಳಿಲ್ಲ ಅಂತ ನನಗೆ ಗೊತ್ತುಂಟಲ್ಲ. ನನಗೆ ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಕ್ಷಮಿಸಿ ಎನ್ನುವುದಿಲ್ಲ, ಕೇಳುವ ಮುಖ ನನಗಿಲ್ಲ. ನೀವು ನರ್ಸ್ ಆಗಲಿಲ್ಲ, ಅದನ್ನು ನಾನು ಮರಳಿ ಕೊಡಲಾರೆ. ಆದರೆ ಅಕ್ಕನ ಮೇಲೆ ಇಷ್ಟು ವರ್ಷ ಇಟ್ಟುಕೊಂಡ ಸಿಟ್ಟು ನನಗೆ ಸೇರಬೇಕಾದದ್ದು. ಅದನ್ನು ನನಗೆ ಕೊಡಿ, ಮತ್ತೆ ಒಮ್ಮೆ ಬೆಳ್ತಂಗಡಿಗೆ ಹೋಗಿ ಬನ್ನಿ.