ನಲವತ್ತನಾಲ್ಕರ ಮರಿ

ಅರ್ಮಿಂದಾ ವೆರಾಳಿಗೆ ನಲವತ್ತನಾಲ್ಕು ವರ್ಷ. ಹೇಳಿದ ಕೂಡಲೇ ಇದನ್ನು ನಂಬಿದವರು ಇತಾಗುವಾ ಊರಿನಲ್ಲಿ ಇಬ್ಬರೇ. ಒಬ್ಬರು ಅವಳನ್ನು ಮಗುವಾಗಿದ್ದಾಗ ಚರ್ಚಿಗೆ ಎತ್ತಿಕೊಂಡು ಹೋಗಿದ್ದ ದೊಡ್ಡಮ್ಮ, ಇನ್ನೊಬ್ಬ ಚೌಕದಲ್ಲಿ ಲಾಟರಿ ಮಾರುವ ಕುರುಡ. ಮಿಕ್ಕವರಿಗೆಲ್ಲ ಕಣ್ಣಿತ್ತು, ಹಾಗಾಗಿ ಮೋಸಹೋದರು.

ರಾಜಧಾನಿ ಅಸುನ್ಸಿಯೋನ್‌ಗೆ ಹೋಗುವ ಬಸ್ಸಿನ ಡ್ರೈವರು "ಯಾವ ಕಾಲೇಜು ಮಗಾ?" ಅನ್ನುತ್ತಿದ್ದ. ಔಷಧಿ ಅಂಗಡಿಯವನು "ಮನೇಲಿ ದೊಡ್ಡೋರಿದ್ರೆ ಕಳ್ಸು" ಅಂದು ಚೀಟಿ ವಾಪಸು ಕೊಟ್ಟಿದ್ದ. ಮತಗಟ್ಟೆಯಲ್ಲಿ ಅವಳ ಗುರುತಿನ ಚೀಟಿಯನ್ನು ಮಗುಚಿ ನೋಡದ ಅಧಿಕಾರಿಯೇ ಇಲ್ಲ. ಬೇರೆ ಹೆಂಗಸರಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು, ಇಲ್ಲವೇ ಸಿಟ್ಟಾಗುತ್ತಿದ್ದರು. ಅರ್ಮಿಂದಾ ಎರಡೂ ಮಾಡಲಿಲ್ಲ. ಅವಳಿಗೆ ಹತ್ತಿದ್ದು ಕುತೂಹಲ. ಜನ ಮುಖ ನೋಡಿ ವಯಸ್ಸು ಹೇಳುತ್ತಾರಲ್ಲ, ಅಷ್ಟಕ್ಕೂ ಮುಖದಲ್ಲಿ ಏನನ್ನು ನೋಡುತ್ತಾರೆ? ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಕೇಳಿಸಿಕೊಂಡವರು ನಗುತ್ತಿದ್ದರು, ಉತ್ತರ ಮಾತ್ರ ಕೊಡುತ್ತಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದ, ಲೇಸು ನೇಯುವ ಅಂಗಳದಲ್ಲಿ ಮಾತ್ರ ಉತ್ತರಗಳಿಗೆ ಬರವಿರಲಿಲ್ಲ. ಅಲ್ಲಿ ಅವಳೂ ಸೇರಿ ಐದು ಜನ ಹೆಂಗಸರು ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಸೂಜಿಯಲ್ಲಿ ಜೇಡರಬಲೆಯಂಥ ಲೇಸು ಹೆಣೆಯುತ್ತಿದ್ದರು. ಅಂಗಳದ ಒಡತಿ ಫಿದೆಲಿನಾ, ಎಪ್ಪತ್ತೆಂಟರ ಮುದುಕಿ. ನಾಲಿಗೆ ಸೂಜಿಗಿಂತ ಚೂಪು.

"ಇವಳು ಸುಳ್ಳುನಗೆ ನಗಲ್ಲ ಕಣ್ರೇ," ಅನ್ನುತ್ತಿದ್ದಳು ಅವಳು. "ಮುಖ ಸವೆಯೋದೇ ಸುಳ್ಳುನಗೆಯಿಂದ. ನಾನು ಗಿರಾಕಿಗಳ ಮುಂದೆ ನಕ್ಕೂ ನಕ್ಕೂ ಹಿಂಗಾದೆ."

"ಮದ್ವೆ ಆಗ್ಲಿಲ್ವಲ್ಲ, ಅದಕ್ಕೇ," ಅನ್ನುತ್ತಿದ್ದಳು ಐವತ್ತೆರಡರ ಮಿರ್ತಾ. "ನನ್ ಮುಖದಲ್ಲಿರೋ ಒಂದೊಂದು ಗೆರೆ ಮೇಲೂ ನನ್ ಗಂಡನ ಹೆಸರಿದೆ, ಬೇಕಾದ್ರೆ ಓದ್ಕೋ."

ಅರ್ಮಿಂದಾ ಬಗ್ಗಿ, ನಿಜವಾಗಿಯೂ ಓದಲು ನೋಡಿದಳು. ಅವಳೇ ಹಾಗೆ. ಮಾತನ್ನು ಮಾತಿನಷ್ಟಕ್ಕೇ ತೆಗೆದುಕೊಳ್ಳುವವಳು. ಕತ್ತಿಗೆ ಕೂದಲು ತಾಗಿದರೆ ಮೈ ಜುಮ್ಮೆನ್ನುತ್ತಿತ್ತು, ಹಾಗಾಗಿ ಹತ್ತು ವರ್ಷದವಳಿದ್ದಾಗಿನಿಂದ ಎರಡು ಜಡೆ. ಕಾಲರು ಚುಚ್ಚುತ್ತಿತ್ತು, ಹಾಗಾಗಿ ಕಾಲರಿಲ್ಲದ ಅದೇ ಹತ್ತಿಯ ಅಂಗಿ, ಅದೇ ಬಿಳಿ ಕಾಲುಚೀಲ.

ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಣ್ಣನ ಮಗಳು ಅವಳನ್ನು ರಾಜಧಾನಿಯ ಒಬ್ಬ ವೈದ್ಯೆಯ ಬಳಿ ಕರೆದುಕೊಂಡು ಹೋಗಿದ್ದಳು. ಮೂರು ಸಲ ಹೋಗಿಬಂದ ಮೇಲೆ ವೈದ್ಯೆ 'ಆಟಿಸಂ' ಎಂಬ ಮಾತು ಹೇಳಿದರು. ಅರ್ಮಿಂದಾಳಿಗೆ ಅದರಿಂದ ದುಃಖವಾಗಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ದಾರದ ತುದಿ ಸಿಕ್ಕಿದಂತಾಯಿತು. ಹೊರಡುವಾಗ ಬಾಗಿಲಲ್ಲಿ ನಿಂತು ತನ್ನ ಹಳೆಯ ಪ್ರಶ್ನೆ ಕೇಳಿದಳು.

"ನಿಮ್ಮಂಥ ಎಷ್ಟೋ ಜನ, ವಯಸ್ಸಿಗಿಂತ ಚಿಕ್ಕೋರಾಗಿ ಕಾಣ್ತೀವಿ ಅಂತಾರೆ," ಅಂದರು ವೈದ್ಯೆ. "ಯಾಕೆ ಅಂತ ಖಚಿತವಾಗಿ ಹೇಳೋಕಾಗಲ್ಲ. ಚರ್ಮ ಇರಬಹುದು, ಬಟ್ಟೆ ಇರಬಹುದು. ಇಲ್ಲಾ, ಈ ವಯಸ್ಸಿಗೆ ಈ ಮುಖ ಹೊತ್ಕೋಬೇಕು ಅಂತ ನಾವೆಲ್ಲ ಕಲಿತಿದ್ದೀವಲ್ಲ, ಅದನ್ನ ನೀವು ಕಲೀಲಿಲ್ವೇನೋ."

ಇದು ಅವಳಿಗೆ ಬಹಳ ಹಿಡಿಸಿತು. ಅಂದಿನಿಂದ ಬಸ್ಸಿನಲ್ಲಿ ಕೂತು, ನಲವತ್ತರವರು ಮುಖವನ್ನು ಹೇಗೆ ಹೊರುತ್ತಾರೆ ಎಂದು ನೋಡತೊಡಗಿದಳು. ಹುಬ್ಬು ಗಂಟಿಕ್ಕಿ, ತುಟಿ ಒಂದು ಕಡೆಗೆ ಎಳೆದು, ಬಾಗಿಲ ಬೀಗದ ಹಾಗೆ ಇಟ್ಟುಕೊಳ್ಳುತ್ತಾರೆ. ಮನೆಯ ಕನ್ನಡಿಯ ಮುಂದೆ ತಾನೂ ಒಮ್ಮೆ ಮಾಡಿ ನೋಡಿದಳು. ಹಲ್ಲುನೋವು ಬಂದವಳಂತೆ ಕಂಡಳು, ಬಿಟ್ಟುಬಿಟ್ಟಳು.

ಅಂಗಳದಲ್ಲಿ ಹತ್ತು ಗಂಟೆಗೆ ತೆರೆರೆ ಎಂಬ ತಂಪು ಪಾನೀಯ. ಗಿಡಮೂಲಿಕೆ ಜಜ್ಜಿ ಹಾಕಿದ ತಣ್ಣೀರಿನ ಜಗ್ಗು, ಎಲೆಪುಡಿ ತುಂಬಿದ ಒಂದೇ ಕೊಂಬಿನ ಲೋಟ, ಹೀರಲು ಒಂದೇ ಕೊಳವೆ. ಲೋಟ ಒಬ್ಬರ ಕೈಯಿಂದ ಒಬ್ಬರಿಗೆ ಹೋಗಿ, ಪ್ರತಿ ಸಲವೂ ಹೊಯ್ಯುವವರ ಕೈಗೇ ಹಿಂದಿರುಗಬೇಕು. ಸುತ್ತಿನಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರೇ ಹೊಯ್ಯಬೇಕು, ಇದು ಅಜ್ಜ ಅಜ್ಜಿಯರ ಕಾಲದ ಕಟ್ಟಳೆ. ಹತ್ತೊಂಬತ್ತರ ಅರ್ಮಿಂದಾ ಬಂದು ಸೇರಿದಾಗ ಅವಳೇ ಚಿಕ್ಕವಳು, ಜಗ್ಗು ಅವಳ ಕೈಗೆ ಬಂತು. ಆಮೇಲೆ ಪೆರ್ಲಾ ಬಂದಳು, ಈಗ ಅವಳಿಗೆ ಮೂವತ್ತೊಂದು. ಆಮೇಲೆ ಲಿಸ್ ಬಂದಳು, ಇಪ್ಪತ್ತಾರು. ಜಗ್ಗು ಅಲುಗಲಿಲ್ಲ. ಪೆರ್ಲಾ ಒಮ್ಮೆ ಕೈ ಚಾಚಿದ್ದಳು. ಫಿದೆಲಿನಾ, "ಬಿಡೇ, ಮರಿ ಹೊಯ್ತಾಳೆ," ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅರ್ಮಿಂದಾ ತಕರಾರು ಮಾಡಲಿಲ್ಲ. ಹೊಯ್ಯುವವರು ಮಾತಾಡಬೇಕಾಗಿಲ್ಲ, ಸರದಿ ತಪ್ಪದಿದ್ದರೆ ಸಾಕು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದಿತ್ತು. ಈ ಅಂಗಳದವರಿಗೆ ಅವಳ ವಯಸ್ಸು ಗೊತ್ತಿತ್ತು. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಕೇಕು ತಿಂದವರು ಇವರೇ.

ಆ ವರ್ಷ ಫಿದೆಲಿನಾಳ ಕಣ್ಣು ಪೂರ್ತಿ ಮಂಜಾಯಿತು. ಅಂಗಳದಲ್ಲಿ ಹುಡುಗಿಯರಿಗೆ ಲೇಸು ಕಲಿಸುವ ತರಗತಿ ನಡೆಯುತ್ತಿದ್ದುದು ಅವಳಿಗಿದ್ದ 'ಕಸುಬಿನ ಗುರು' ಎಂಬ ಮುದ್ರೆಯ ಬಲದಿಂದ. ಇನ್ನೊಬ್ಬರಿಗೆ ಮುದ್ರೆ ಸಿಗದಿದ್ದರೆ ಡಿಸೆಂಬರಿಗೆ ತರಗತಿಗೆ ಬೀಗ. ಮುದ್ರೆಗೆ ಇಪ್ಪತ್ತೈದು ವರ್ಷದ ಕಸುಬು ಬೇಕು. ಮಿರ್ತಾ ನಡುವೆ ಹತ್ತು ವರ್ಷ ಬಿಟ್ಟು ಬಂದವಳು, ಲೆಕ್ಕಕ್ಕೆ ಸಾಲಳು. ಉಳಿದವಳು ಅರ್ಮಿಂದಾ. ಅವಳಿಗೆ ಮುದ್ರೆಯ ಬಿಂಕ ಬೇಕಿರಲಿಲ್ಲ. ಆದರೆ ನೂರಾರು ಹೆಣಿಗೆಗಳಲ್ಲಿ ಒಂಬತ್ತು ಅವಳೊಬ್ಬಳಿಗೇ ಬರುತ್ತಿದ್ದವು. ತೀರಿಹೋದ ಮುದುಕಿಯರ ಪಕ್ಕ ಕೂತು ಕಲಿತವು: ಹುತ್ತ, ಎತ್ತಿನ ಗೊರಸು, ಮಳೆಗೆ ಮುಂಚಿನ ಇರುವೆಸಾಲು, ಹೀಗೆ. ಒಂದೊಂದನ್ನು ತೋರಿಸಲು ಎರಡು ದಿನ, ಇನ್ನೊಬ್ಬರ ಕೈಗೆ ಬರಲು ಎರಡು ವರ್ಷ. ತರಗತಿ ಹೋದರೆ ಅವೂ ಅವಳ ಜೊತೆ ಮಣ್ಣು ಸೇರುತ್ತವೆ. ಅವಳಿಗೆ ನಿದ್ದೆಗೆಡಿಸಿದ ಚಿಂತೆ ಅದೊಂದೇ.

ಮುದ್ರೆ ಕೊಡುವ ಸಮಿತಿಯಿಂದ ದೋನ್ ಅನ್ಸೆಲ್ಮೊ ಎಂಬಾತ ಪರೀಕ್ಷೆಗೆ ಬಂದದ್ದು ಸರಿಯಾಗಿ ಹತ್ತು ಗಂಟೆಗೆ. ಐವತ್ತು ದಾಟಿದ ಮನುಷ್ಯ, ಲೇಸು ನೇಯುವವಳ ಮಗ. ಕುರ್ಚಿ ಕೊಟ್ಟರು, ಸುತ್ತಿಗೆ ಸೇರಿಸಿಕೊಂಡರು. ಅರ್ಮಿಂದಾ ಲೋಟ ತುಂಬಿ ಕೈಗಿತ್ತಳು. ಆತ ಹೀರುತ್ತ, ಪರೀಕ್ಷೆಗೆಂದು ಅರ್ಮಿಂದಾ ಹೆಣೆದು ಗೋಡೆಗೆ ಒರಗಿಸಿದ್ದ ದೊಡ್ಡ ಲೇಸನ್ನು ಬಹಳ ಹೊತ್ತು ನೋಡಿದ.

"ಇಂಥ ಕೈ ನಮ್ಮಮ್ಮನ ಕಾಲಕ್ಕೇ ಮುಗೀತು ಅನ್ಕೊಂಡಿದ್ದೆ. ಎಲ್ಲಿದ್ದಾರೆ ಅರ್ಮಿಂದಾ ವೆರಾ? ಕರೀರಿ."

"ನಾನೇ," ಅಂದಳು ಜಗ್ಗು ಹಿಡಿದವಳು.

ಆತ ಎರಡು ಜಡೆ ನೋಡಿದ, ಬಿಳಿ ಕಾಲುಚೀಲ ನೋಡಿದ, ನಕ್ಕ. "ಅಮ್ಮನ ಹೆಸರೂ ಅರ್ಮಿಂದಾನೇ ಏನು?"

"ಅಮ್ಮನ ಹೆಸರು ಪೆತ್ರೋನಾ."

ಗುರುತಿನ ಚೀಟಿ ತೋರಿಸಿದಳು. ಆತ ನೋಡಿ, ಅವಳ ಮುಖ ನೋಡಿ, ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ನಗು ಇಂಗಿತ್ತು. "ನೋಡು ಮಗಾ, ಹೋದ ವರ್ಷ ಒಬ್ಬಳು ಹುಡುಗಿ ತನ್ನ ಥರಾನೇ ಇದ್ದ ದೊಡ್ಡಮ್ಮನ ಲೇಸು, ದೊಡ್ಡಮ್ಮನ ಚೀಟಿ ಎರಡೂ ತಂದು ನನಗೆ ಟೋಪಿ ಹಾಕಿದ್ಲು. ಎರಡನೇ ಸಲ ಹಾಕ್ಕೊಳಲ್ಲ."

ಹೆಂಗಸರು ಒಟ್ಟಿಗೇ ಬಾಯಿ ತೆಗೆದರು. "ನಮ್ ಮರಿ ಸುಳ್ಳು ಹೇಳಲ್ಲ ಸ್ವಾಮಿ," ಅಂದಳು ಮಿರ್ತಾ. "ಮಗು ಅಂದ್ರೆ ಮಗು, ಪಾಪ, ಏನೂ ಕಪಟ ಗೊತ್ತಿಲ್ಲ," ಅಂದಳು ಫಿದೆಲಿನಾ. ಎಂಥ ವಕೀಲರು ನೋಡಿ.

ದೋನ್ ಅನ್ಸೆಲ್ಮೊ ಲೋಟ ಎತ್ತಿ ತೋರಿಸಿದ. "ಅಜ್ಜಿ, ನಿಮ್ ಸುತ್ತಲ್ಲಿ ತೆರೆರೆ ಯಾರು ಹೊಯ್ಯೋದು?"

"ಚಿಕ್ಕೋರು. ಇನ್ಯಾರು? ನಾವೇನು ಕಟ್ಟಳೆ ಇಲ್ದೋರಾ?" ಅಂದಳು ಫಿದೆಲಿನಾ, ಹೆಮ್ಮೆಯಿಂದಲೇ. ಹೇಳಿ ಮುಗಿದ ಮೇಲೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

ಲಿಸ್ ನೆಲ ನೋಡಿದಳು. ಹೊರಗಿನವರ ಕಣ್ಣು ಮೋಸಹೋದದ್ದು ಬೇರೆ, ಇವರೇ ಪೆರ್ಲಾ ಬಂದಾಗಿನಿಂದ ದಿನಕ್ಕೊಂದು ಸಲ ಸುಳ್ಳುಸಾಕ್ಷಿ ಹೇಳಿಕೊಂಡು ಬಂದಿದ್ದರು. ಅದೂ ಪ್ರೀತಿಯಿಂದ.

ಒಂಬತ್ತು ಹೆಣಿಗೆಗಳು ಅರ್ಮಿಂದಾಳ ಕಣ್ಣ ಮುಂದೆ ಒಂದೊಂದಾಗಿ ಬಂದುಹೋದವು. ಆದರೂ ಹಳೆಯ ಪ್ರಶ್ನೆ ತಡೆಯಲಾಗಲಿಲ್ಲ. "ನನ್ನ ಮುಖದಲ್ಲಿ ಏನು ನೋಡಿ ಚಿಕ್ಕೋಳು ಅಂತೀರಿ? ದಯವಿಟ್ಟು ಸರಿಯಾಗಿ ಹೇಳಿ. ಯಾರೂ ಖಚಿತವಾಗಿ ಹೇಳಲ್ಲ."

ಆತ ತಬ್ಬಿಬ್ಬಾದ. ಆದರೆ ಕೇಳಿದವಳು ನಿಜವಾಗಿಯೂ ಕೇಳಿದ್ದಳು, ಹಾಗಾಗಿ ಯೋಚಿಸಿ ಹೇಳಿದ. "ಮುಖದಲ್ಲಿ ಏನೂ ಇಲ್ಲ ಕಣಮ್ಮ. ಅದೇ. ನನ್ನಂಥೋನು ಬಂದ್ರೆ ದೊಡ್ಡೋರು ಒಂಚೂರು ಬಗ್ತಾರೆ, ಒಂಚೂರು ಬಿಗೀತಾರೆ. ನೀನು ಎರಡೂ ಮಾಡ್ಲಿಲ್ಲ."

"ಸರಿ, ಗೊತ್ತಾಯ್ತು," ಅಂದಳು ಅರ್ಮಿಂದಾ. ಅವಳಿಗೆ ನಿಜವಾಗಿಯೂ ಸಂತೋಷವಾಯಿತು. "ನಿಮ್ ಎದುರು ಒಂದು ಹೆಣಿಗೆ ಶುರು ಮಾಡ್ಬೇಕು ಅಂತ ನಿಯಮ ಇದೆ. ಮಾಡ್ಲಾ?"

ಆತ ಅರೆಮನಸ್ಸಿನಿಂದ ತಲೆಯಾಡಿಸಿದ. ಅವಳು ಜಗ್ಗು ನೆಲಕ್ಕಿಟ್ಟಳು, ಚೌಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡಳು, ಸೂಜಿ ಎತ್ತಿಕೊಂಡು ದಾರ ಪೋಣಿಸಲು ಹೋದಳು. ಸೂಜಿಯನ್ನು ಕಣ್ಣ ಹತ್ತಿರ ಹಿಡಿದಳು, ಆಗಲಿಲ್ಲ. ದೂರ ಒಯ್ದಳು. ಇನ್ನೂ ದೂರ. ಕೊನೆಗೆ ಕೈ ಪೂರ್ತಿ ಚಾಚಿ, ಗಲ್ಲ ಹಿಂದಕ್ಕೆಳೆದು, ಒಂದು ಕಣ್ಣು ಮುಚ್ಚಿದಳು. ದಾರ ಸೂಜಿಯ ಪಕ್ಕದಲ್ಲಿ ಹಾದುಹೋಯಿತು.

"ಈ ವರ್ಷದ ಸೂಜಿಗಳು ಸರಿಯಿಲ್ಲ," ಅಂದಳು. "ಮೂರು ಅಂಗಡಿ ಬದಲಾಯಿಸಿದೆ. ತೂತು ಸಣ್ಣ ಮಾಡ್ಬಿಟ್ಟಿದಾರೆ. ಬೆಳಿಗ್ಗೇನೇ ಹತ್ತು ಸೂಜಿ ಪೋಣಿಸಿಟ್ಕೋತಿದ್ದೆ, ಇವತ್ತು ನೀವು ಬರ್ತೀರಿ ಅನ್ನೋ ಗಡಿಬಿಡೀಲಿ ಮರೆತೆ."

ಮಿರ್ತಾ ಕಿಸಕ್ಕನೆ ನಕ್ಕಳು. ಆಮೇಲೆ ಪೆರ್ಲಾ. ಕಣ್ಣು ಕಾಣದ ಫಿದೆಲಿನಾ, "ಏನ್ರೇ, ಏನಾಯ್ತು?" ಅಂದಳು. ಮಿರ್ತಾ ಅವಳ ಕಿವಿಯಲ್ಲಿ ಹೇಳಿದಳು. ಮುದುಕಿ ತೊಡೆ ತಟ್ಟಿಕೊಂಡಳು.

"ಸೂಜಿಗೇನೂ ಆಗಿಲ್ಲ ಕಣೇ ಅರ್ಮಿಂದಾ. ನಿನಗೆ ಚಾಳೀಸು ಬಂದಿದೆ."

ಊರವರ ಕಣ್ಣು ಹೇಗೆ ನೋಡುತ್ತದೆ ಎಂದು ವರ್ಷಗಟ್ಟಲೆ ಶೋಧಿಸಿದವಳಿಗೆ ತನ್ನ ಕಣ್ಣಿನ ಸಂಗತಿ ತಿಳಿದಿರಲಿಲ್ಲ. ಅವಳು ಸೂಜಿಯನ್ನು ಹತ್ತಿರ ತಂದು, ದೂರ ಒಯ್ದು, ಮತ್ತೆ ಪರೀಕ್ಷಿಸಿದಳು.

ದೋನ್ ಅನ್ಸೆಲ್ಮೊ ನಗಲಿಲ್ಲ. ಆ ಚಾಚಿದ ಕೈಯನ್ನೇ ನೋಡುತ್ತಿದ್ದ. ಏಳು ವರ್ಷದ ಹಿಂದೆ ಬಸ್ಸಿನ ಚೀಟಿ ಓದಲು ಹೋಗಿ ತಾನೂ ಹೀಗೇ ಕೈ ಚಾಚಿದ್ದ. ಇಪ್ಪತ್ತರ ಹುಡುಗಿಗೆ ಈ ನಟನೆ ಬರುವುದಿಲ್ಲ, ಕಲಿಸುವವರೂ ಯಾರಿಲ್ಲ. ತನ್ನ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಅವಳ ಕೈಗೆ ಕೊಟ್ಟ. "ಹಾಕ್ಕೊಳ್ಳಿ ಅಮ್ಮ," ಅಂದ.

ಹಾಕಿಕೊಂಡಳು. ಸೂಜಿಯ ತೂತು ಬಾಗಿಲಷ್ಟು ದೊಡ್ಡದಾಗಿ ಕಂಡಿತು. ದಾರ ಒಳಹೋಯಿತು. ಮುಂದಿನ ಅರ್ಧ ಗಂಟೆ ಅವಳು ಚೌಕಟ್ಟಿನಿಂದ ತಲೆ ಎತ್ತಲಿಲ್ಲ. ಇರುವೆಸಾಲು ಬಟ್ಟೆಯ ಮೇಲೆ ಬಲದಿಂದ ಎಡಕ್ಕೆ ಹೊರಟಿತು. ಆತ ಹಿಂದಕ್ಕೆ ಸರಿದು ಸರಿದು ನೋಡಿ, ಕನ್ನಡಕವಿಲ್ಲದೆ ಸಹಿ ಎಲ್ಲಿ ಹಾಕಬೇಕೆಂದು ಲಿಸ್‌ಳನ್ನು ಕೇಳಿ, ಹಾಕಿದ.

ಪೆರ್ಲಾ ಸದ್ದಿಲ್ಲದೆ ಜಗ್ಗನ್ನು ಲಿಸ್ ಕಡೆ ಸರಿಸಿದಳು. ಫಿದೆಲಿನಾ ಅರ್ಮಿಂದಾಳ ಕಡೆ ತಿರುಗಿ, "ತಪ್ಪಾಯ್ತು ಕಣವ್ವ," ಅಂದಳು.

ಅರ್ಮಿಂದಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಮುಖಕ್ಕೆ ಹತ್ತದ ವರ್ಷಗಳು ಎಲ್ಲಿಗೂ ಹೋಗಿರಲಿಲ್ಲ, ಕಣ್ಣಿಗೆ ಬಂದು ಕೂತಿದ್ದವು. ಅವಳಿಗೆ ಮೊದಲ ಸಲ ಭಯವಾಯಿತು.

"ನಿಮ್ಮಮ್ಮ, ಚಾಳೀಸು ಬಂದಮೇಲೆ ಎಷ್ಟು ವರ್ಷ ನೇಯ್ದರು?" ಎಂದು ಕೇಳಿದಳು.

ದೋನ್ ಅನ್ಸೆಲ್ಮೊ ಮೇಲೆ ನೋಡಿ ನೆನಪು ಮಾಡಿಕೊಂಡ. "ಇಪ್ಪತ್ತು. ಆಮೇಲೆ ಆಗ್ಲಿಲ್ಲ."

ಒಂಬತ್ತು ಹೆಣಿಗೆ, ಒಂದೊಂದಕ್ಕೆ ಎರಡು ವರ್ಷ. ಎರಡು ವರ್ಷ ಮಿಗುತ್ತದೆ. ಕಾಯಿಲೆ ಬೀಳುವಂತಿಲ್ಲ, ಹುಡುಗಿಯರು ಮದುವೆಯಾಗಿ ಓಡುವಂತಿಲ್ಲ.

"ಲಿಸ್," ಅಂದಳು, "ಜಗ್ಗು ಪಕ್ಕಕ್ಕಿಡು. ಕುರ್ಚಿ ಎಳ್ಕೊಂಡು ಇಲ್ಲಿ ಬಂದು ಕೂತ್ಕೋ."