ಹಗ್ಗದ ಚಲುವಯ್ಯ ಹಗ್ಗ ಬಿಟ್ಟದ್ದು

ಕೆ. ಹೊಸಕೋಟೆಯಲ್ಲಿ ಬಸ್ಸಿಳಿದು ಚಲುವಯ್ಯನ ಮನೆ ಎಲ್ಲಿ ಎಂದು ವಿಚಾರಿಸಿದರೆ, ಯಾವ ಚಲುವಯ್ಯ ಎಂದು ತಿರುಗಿ ಕೇಳುತ್ತಿದ್ದರು. ಹಗ್ಗದ ಚಲುವಯ್ಯ ಎಂದರೆ ಸಾಕು, ಟೀ ಕುಡಿಯುತ್ತಿದ್ದವರು ಲೋಟ ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಿದ್ದರು. ಎತ್ತುಗಳಿಗೆ ಲಾಳ ಕಟ್ಟುವುದು ಅವನ ಕಸುಬು. ಎಡ ಹೆಗಲ ಮೇಲೆ ಸುರುಳಿ ಸುತ್ತಿದ ಹಗ್ಗ, ಬಲಗೈಯಲ್ಲಿ ಸುತ್ತಿಗೆ, ಉಳಿ, ಇಕ್ಕಳ ತುಂಬಿದ ಚೀಲ. ಎಂಥ ಪುಂಡ ಎತ್ತಾದರೂ ಕೊರಳಿಗೊಂದು, ಹೊಟ್ಟೆಗೊಂದು ಸುತ್ತು ಹಾಕಿ ಹಿಂದಕ್ಕೆ ಜಗ್ಗಿದನೆಂದರೆ, ಅದು ತಾನೇ ಮನಸ್ಸು ಮಾಡಿ ಮಲಗಿತೇನೋ ಎನ್ನುವ ಹಾಗೆ ನೆಲಕ್ಕೆ ಒರಗುತ್ತಿತ್ತು. ಕಾಲು ಕಟ್ಟಿ, ಲಾಳ ಬಡಿದು, ಎಬ್ಬಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದ.

ತೊಂಬತ್ತೆಂಟರ ಹೊತ್ತಿಗೆ ಗಾಡಿಗಳು ಕಮ್ಮಿಯಾಗಿ ಟ್ರಾಕ್ಟರುಗಳು ಬಂದಿದ್ದವು. ಟ್ರಾಕ್ಟರಿಗೆ ಲಾಳ ಬೇಡ. ಆದರೂ ಹಗ್ಗ ಮಾತ್ರ ಅವನ ಹೆಗಲಿನಿಂದ ಇಳಿದಿರಲಿಲ್ಲ.

ಆ ವರ್ಷ ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಬಸವರಾಜು ಪಿಕಪ್ಪಿನಲ್ಲಿ ಒಂದು ಕಂದು ಕುದುರೆಯನ್ನು ತಂದು ಚಲುವಯ್ಯನ ಅಂಗಳದಲ್ಲಿ ಇಳಿಸಿದ. ಶಿರಾಡಿ ಘಾಟಿಯ ತಲೆಯ ಮೇಲೆ, ಮಾರನಹಳ್ಳಿಯಲ್ಲಿ ಹೋಟೆಲು ಇಟ್ಟಿದ್ದವನು ಈ ಬಸವರಾಜು. ಯಾವುದೋ ಲಾರಿಯವರು ಹೋಟೆಲಿನ ಹಿಂದೆ ಕುದುರೆಯನ್ನು ಇಳಿಸಿ, ಘಾಟಿ ಇಳಿದು ಹೋಗಿದ್ದರು. ಮೂರು ದಿನದಿಂದ ಅದು ಮೂರೇ ಕಾಲಲ್ಲಿ ನಿಂತಿತ್ತು.

"ಇದಕ್ಕೆ ಏನಾದ್ರೂ ಮಾಡು ಮಾರಾಯ. ಗಿರಾಕಿಗಳು ಇಡ್ಲಿ ಬಿಟ್ಟು ಇದನ್ನೇ ನೋಡ್ತಾ ಕೂತ್ಕತಾರೆ."

"ನಾನು ಎತ್ತಿನೋನು ಕಣೋ. ಕುದುರೆ ಕಾಲು ಹಿಡಿದೋನಲ್ಲ."

"ಎತ್ತಿನ ಗೊರಸು ಎರಡು ಸೀಳು, ಇದರದ್ದು ಒಂದೇ. ನಿಂಗೆ ಅರ್ಧ ಕೆಲಸ ಉಳೀತಲ್ಲ ಚಲುವಣ್ಣ."

ಬಲ ಮುಂಗಾಲಿಗೆ ಯಾವ ಕಾಲದಲ್ಲೋ ಹೊಡೆದ ಲಾಳ ತುಕ್ಕು ಹಿಡಿದು, ಗೊರಸು ಅದನ್ನೂ ಮೀರಿ ಬೆಳೆದು, ಹಳೇ ಚಡಾವು ಜೋಡಿನ ಮೂತಿಯ ಹಾಗೆ ಮೇಲಕ್ಕೆ ತಿರುಚಿತ್ತು. ನಡುವೆ ಒಂದು ಸೀಳು. ಒಳಗೆ ಕೀವು ತುಂಬಿದ ವಾಸನೆ.

ಚಲುವಯ್ಯ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಹಗ್ಗ ಹಾಕಿ ಕೆಡವಿದ. ಎತ್ತಾದರೆ ಬಿದ್ದ ಮೇಲೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತದೆ. ಕುದುರೆ ಸುಮ್ಮನಾಗಲಿಲ್ಲ. ತಲೆಯನ್ನು ನೆಲಕ್ಕೆ ಬಡಿಯಿತು, ಕಣ್ಣು ಬೆಳ್ಳಗೆ ಮಾಡಿತು, ನೋವಿನ ಕಾಲನ್ನೇ ಕಲ್ಲಿಗೆ ಅಪ್ಪಳಿಸಿ ರಕ್ತ ಸುರಿಸಿತು. ಅವನೇ ಹೆದರಿ ಹಗ್ಗ ಸಡಿಲಿಸಿದ. ಎದ್ದ ಕುದುರೆ ಬೇಲಿಗೆ ಒತ್ತಿಕೊಂಡು ನಡುಗುತ್ತ ನಿಂತಿತು. ಹಗ್ಗ ಯಾವ ಕಡೆ ಹೋದರೆ ಅದರ ಕಿವಿಯೂ ಆ ಕಡೆಗೇ.

ಆಲೂರಿನಿಂದ ದನದ ಡಾಕ್ಟರು ಬಂದು ನೋಡಿದರು. "ಎಲುಬಿಗೆ ಏನೂ ಆಗಿಲ್ಲ. ಗೊರಸು ಸರಿಯಾದ್ರೆ ನಡೀತದೆ. ಒಂದೇ ಸಲ ಕೊಯ್ಯಬೇಡ, ತಿಂಗಳಿಗಿಷ್ಟು ಅಂತ ತೆಗಿ."

"ನೀವೇ ತೆಗೀರಿ ಡಾಕ್ಟ್ರೇ."

"ಕುದುರೆನ ನಾನು ಪರೀಕ್ಷೆಗೆ ಓದಿದ್ದು ಅಷ್ಟೇ ಚಲುವಯ್ಯ. ಗೊರಸು ಗೊತ್ತಿರೋದು ನಿನ್ನ ಕೈಗೆ. ಆದರೆ ಕೆಡವಬೇಡ, ನಿಂತಂಗೇ ಕಾಲು ಎತ್ತಿಸು."

ಅಂದು ಸಂಜೆ ಚಲುವಯ್ಯ ಹಗ್ಗವನ್ನು ಅಟ್ಟದ ಗೂಟಕ್ಕೆ ನೇತುಹಾಕಿದ. ಮಾರನೆಯ ದಿನ ಟೀ ಅಂಗಡಿಯಲ್ಲಿ, "ಏನ್ ಚಲುವಣ್ಣ, ಹೆಗಲು ಬೋಳಾಗೈತೆ?" ಎಂದು ಎಲ್ಲರೂ ಕೇಳಿದರು.

ಹತ್ತು ದಿನ ಕುದುರೆಯ ಪಕ್ಕ ಸುಮ್ಮನೆ ಕುಳಿತ. ಕುಕ್ಕರಗಾಲಲ್ಲಿ ಕೂತು ಕೂತು ನಲವತ್ತು ವರ್ಷದಲ್ಲಿ ಮಂಡಿ ಸವೆದಿತ್ತು. ಆದರೂ ದಿನಕ್ಕೆ ಎರಡು ಹೊತ್ತು ಕೂರುವುದು, ಬೇಯಿಸಿದ ಹುರುಳಿಯ ತಟ್ಟೆ ಮುಂದಿಡುವುದು, "ಕೊಡವ್ವ" ಎಂದು ಕಾಲಿಗೆ ಕೈ ಚಾಚುವುದು. ಹನ್ನೊಂದನೆಯ ದಿನ ಕಾಲು ಮುಟ್ಟಿಸಿಕೊಂಡಿತು. ಇಪ್ಪತ್ತನೆಯ ದಿನ ಕಾಲು ತಾನಾಗಿ ಎದ್ದು ಅವನ ತೊಡೆಯ ಮೇಲೆ ಬಂತು. ತುಕ್ಕು ಲಾಳ ಕಿತ್ತ, ಕೀವು ಹರಿಯಿತು. ಹೆಂಡತಿ ಇಂದ್ರಮ್ಮ ದಿನವೂ ಬಿಸಿ ಉಪ್ಪುನೀರು ಕಾಯಿಸಿ ಕೊಟ್ಟಳು, ಬೇವಿನೆಣ್ಣೆ ಹಚ್ಚಿದಳು. ತಿಂಗಳು ತಿಂಗಳಿಗೂ ಅವನು ಗೊರಸಿಗೆ ಅರ ಹಾಕಿ ಉಜ್ಜಿದ. ಯುಗಾದಿಗೆ ಕಾಲು ಊರಿತು. ಮತ್ತೊಂದು ದೀಪಾವಳಿ ಬರುವಷ್ಟರಲ್ಲಿ ಸೀಳಿಲ್ಲದ ಹೊಸ ಗೊರಸು ಕೆಳಗಿನ ತನಕ ಇಳಿದು, ಕುಂಟು ಹೋಯಿತು.

ಆಗ ಡಾಕ್ಟರು ಚಲುವಯ್ಯನಿಗೆ ಬೇಡದ ಮಾತೊಂದನ್ನು ಹೇಳಿದರು. "ನಿನ್ನ ಅಂಗಳ ಬರೀ ಜಲ್ಲಿ. ಇಲ್ಲೇ ಇದ್ರೆ ಮತ್ತೆ ಸೀಳ್ತದೆ. ಇದಕ್ಕೆ ಮೆತ್ತನೆ ಬಯಲು ಬೇಕು, ಜೊತೆಗೆ ಒಂದೂವರೆ ತಿಂಗಳಿಗೊಮ್ಮೆ ಅರ ಹಾಕೋ ಕೈ ಬೇಕು. ಎರಡೂ ಒಂದೇ ಕಡೆ ಸಿಗಬೇಕು ನೋಡು."

ಚಲುವಯ್ಯ ಎರಡು ದಿನ ಅಂಗಳದ ಜಲ್ಲಿ ಆರಿಸಿದ. ಮೂರನೆಯ ದಿನ ತಾನೇ ಮಾರನಹಳ್ಳಿಗೆ ಹೋಗಿ, ಜಾಗ ಹುಡುಕು ಎಂದು ಬಸವರಾಜುವಿಗೆ ಹೇಳಿ ಬಂದ.

ಬಸವರಾಜು ಕರೆತಂದದ್ದು ವನಗೂರಿನ ಪಂಕಜಾಕ್ಷಿಯನ್ನು. ಅವಳ ಮನೆ ಮುಂದೆ ಬೀಳುಬಿಟ್ಟ ಗದ್ದೆ, ಕಾಲಿಟ್ಟರೆ ಹೂತುಹೋಗುವಷ್ಟು ಹುಲ್ಲು. ಜೀಪು ಬರುವ ಮೊದಲು ಅವಳ ತಂದೆ ತಟ್ಟು ಕುದುರೆಗಳ ಮೇಲೆ ಏಲಕ್ಕಿ ಹೇರಿ ಘಾಟಿ ಇಳಿಸುತ್ತಿದ್ದವರು.

"ಹೊರೆ ಹೊರಿಸಲ್ಲ ಚಲುವಯ್ಯಾರೆ. ನಮ್ಮಪ್ಪ ತಟ್ಟು ಮಾರಿದ ದಿನ ನಾನು ಊಟ ಬಿಟ್ಟೋಳು. ಸುಮ್ನೆ ಕಣ್ಣೆದುರು ಇದ್ರೆ ಸಾಕು."

"ಕಾಲು ನಿಮಗೆ ಕೊಟ್ರೆ ಕುದುರೆ ನಿಮ್ದು ಅಮ್ಮಾರೆ. ಕೊಡ್ಲಿಲ್ಲ ಅಂದ್ರೆ ಬೇಜಾರು ಮಾಡ್ಕಬೇಡಿ."

ಪಂಕಜಾಕ್ಷಿ ಬಲ್ಲವಳ ಹಾಗೆಯೇ ಕುದುರೆಯ ಭುಜದಿಂದ ಕಾಲಿನವರೆಗೆ ಕೈ ಸವರಿದಳು. "ಕೊಡವ್ವ" ಎಂದಳು. ಕುದುರೆ ಕಂಬ ನೆಟ್ಟಂತೆ ನಿಂತಿತು. "ಎಳೆದು ಅನ್ನಿ, ಕೊಡವ್ವಾ ಅಂತ" ಎಂದ ಚಲುವಯ್ಯ. ಅವಳು ಎಳೆದಳು, ಮೊಟಕು ಮಾಡಿದಳು, ಗದರಿದಳು, ಬೇಡಿಕೊಂಡಳು. ಇಲ್ಲ. ಚಲುವಯ್ಯ ಹೋಗಿ ಕೂತ, ಕಾಲು ಅವನ ತೊಡೆಗೆ ಬಂತು. ಅವಳು ಮತ್ತೆ ಹೋದಳು. ಇಲ್ಲ.

ಚಲುವಯ್ಯನ ಒಂದು ಮನಸ್ಸು ಒಳಗೊಳಗೇ ಹಿಗ್ಗಿತು. ಇನ್ನೊಂದು ಮನಸ್ಸಿಗೆ ಆ ಹಳೇ ಸೀಳು ಕಂಡು, ಹಿಗ್ಗು ಅಲ್ಲೇ ಇಂಗಿಹೋಯಿತು. ಇವಳಿಗೂ ಕೊಡದಿದ್ದರೆ ಇನ್ನು ಯಾರಿಗೆ ಕೊಟ್ಟೀತು?

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಇಂದ್ರಮ್ಮ ಬಂದಳು. ಮೊರ ಕೈಯಲ್ಲೇ ಇತ್ತು.

"ಅವ್ವ ಗಿವ್ವ ಅಂದ್ರೆ ಕೊಡಲ್ಲ ಅದು. ಉಸ್ಸಪ್ಪಾ ಅನ್ನಿ."

"ಏನಂದೆ?" ಎಂದ ಚಲುವಯ್ಯ.

"ಕೂರುವಾಗ ಮಂಡಿ ನೋವಿಗೆ ಉಸ್ಸಪ್ಪಾ ಅಂತೀರಲ್ಲ, ಅದಕ್ಕೇ ಅದು ಕಾಲು ಎತ್ತೋದು. ನೀವು 'ಕೊಡವ್ವ' ಅನ್ನೋ ಹೊತ್ತಿಗೆ ಎತ್ತಿ ಆಗಿರ್ತದೆ. ವರ್ಷದಿಂದ ನೋಡ್ತಾ ಇದೀನಿ."

"ನಾನೆಲ್ಲೇ ಅಂತೀನಿ?"

"ನಮ್ಮ ಹೋಟ್ಲು ಬೆಂಚಿನ ಮೇಲೆ ಕೂರುವಾಗ್ಲೂ ಅಂತೀಯ ಚಲುವಣ್ಣ" ಎಂದ ಬಸವರಾಜು.

ಪಂಕಜಾಕ್ಷಿ ಸೆರಗು ಸಿಕ್ಕಿಸಿ ಕೂತಳು. "ಉಸ್ಸಪ್ಪಾ." ಕುದುರೆಯ ಒಂದು ಕಿವಿ ಮಾತ್ರ ತಿರುಗಿತು.

"ನೋವು ಸಾಲದು ಅಕ್ಕ" ಎಂದ ಬಸವರಾಜು.

ಅವಳು ಎದ್ದು, ಸೊಂಟಕ್ಕೆ ಕೈ ಕೊಟ್ಟು, ಎಪ್ಪತ್ತರ ಮುದುಕಿಯ ಹಾಗೆ ಕುಸಿದಳು. "ಉಸ್ಸ... ಪ್ಪಾ." ಬಲಗಾಲು ನಿಧಾನವಾಗಿ ಎದ್ದು ಅವಳ ತೊಡೆಯ ಮೇಲೆ ಬಂದು ಕೂತಿತು.

ಎಲ್ಲರೂ ನಕ್ಕರು, ಚಲುವಯ್ಯ ಒಬ್ಬನ ಹೊರತು. ಅವನು ಚೀಲದಿಂದ ಅರ ತೆಗೆದು ಅವಳ ಕೈಗೆ ಕೊಟ್ಟ. ಅವಳು ಉಜ್ಜುವುದನ್ನು ನೋಡುತ್ತ ನಿಂತು, "ಹಿಮ್ಮಡಿ ಕಡೆ ಜಾಸ್ತಿ ತೆಗೀಬೇಡಿ" ಎಂದು ಒಂದೇ ಮಾತು ಹೇಳಿದ. ಕುದುರೆ ಕಟ್ಟಲು ಬಸವರಾಜು ಪಿಕಪ್ಪಿನಲ್ಲಿ ತಂದಿದ್ದ ಹಗ್ಗವನ್ನು ಚಲುವಯ್ಯನೇ ಆಚೆ ಎಸೆದ. ಇಂದ್ರಮ್ಮನ ಹಳೇ ಸೀರೆ ಹರಿದು ಹೆಣೆದ ಪಟ್ಟಿಯಲ್ಲೇ ಕುದುರೆ ವನಗೂರಿಗೆ ಹೋಯಿತು.

ಒಂದೂವರೆ ತಿಂಗಳು ಮುಗಿದ ದಿನ ಚಲುವಯ್ಯ ಚೀಲ ಹಿಡಿದು ಬಸ್ಸು ಹತ್ತಿದ. ವನಗೂರಿನ ಏರು ಹತ್ತಿ ಗದ್ದೆಯ ಬದುವಿಗೆ ಬರುವಷ್ಟರಲ್ಲಿ ಅವನ ಮಂಡಿ ಸೋತಿತ್ತು. ಕುದುರೆ ಆ ಕಡೆ ಮುಖ ಮಾಡಿ ಮೇಯುತ್ತಿತ್ತು. ಕರೆಯುವುದು ಬೇಡ, ನೋಡಿಕೊಂಡು ಹೋದರಾಯಿತು ಎಂದುಕೊಂಡು ಅವನು ಬದುವಿನ ಮೇಲೆ ಕೂತ. ಕೂರುವಾಗ ಬಾಯಿಂದ ಏನು ಬಂತೋ ಅವನಿಗೆ ತಿಳಿಯಲಿಲ್ಲ.

ಕುದುರೆ ಮೇಯುವುದನ್ನು ನಿಲ್ಲಿಸಿ, ತಿರುಗಿಯೂ ನೋಡದೆ, ಬಲ ಮುಂಗಾಲನ್ನು ಎತ್ತಿ ಹಿಡಿದು ಕಾದು ನಿಂತಿತು.

ಜಗಲಿಯಿಂದ ಪಂಕಜಾಕ್ಷಿ ಕೂಗಿದಳು. "ಎದ್ದು ಬನ್ನಿ ಚಲುವಯ್ಯಾರೆ. ಹಿಡಿಯೋವರೆಗೂ ಇಳಿಸಲ್ಲ ಅದು."