ಕಾಗದದ ಮೇಲಿನ ಅಡುಗೆಮನೆ

ನಲವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ಅವರನ್ನು ಬೀದಿಯವರೆಲ್ಲ ನಕ್ಷೆ ರಾಯರು ಎನ್ನುತ್ತಿದ್ದರು. ಇಲ್ಲದ ಗೋಡೆಯನ್ನು ತಾನು ಎಂದೂ ಎಳೆದವನಲ್ಲ ಎನ್ನುವುದೊಂದೇ ಅವರ ಜಂಬ. ಅಂಥವರು ಮೂರು ತಿಂಗಳಿಂದ ಹೆಂಡತಿಗೆ ಸುಳ್ಳು ಬರೆದುಕೊಡುತ್ತಿದ್ದರು ಎಂದರೆ ನಂಬುತ್ತೀರಾ?

ಸೊಂಟದ ಮೂಳೆ ಮುರಿದು ಆಕೆ ಮಹಡಿಯ ಕೋಣೆಯಲ್ಲೇ ಉಳಿದಿದ್ದಳು. "ರೀ, ಕೆಳಗಿನ ಮನೆ ನೋಡ್ದೆ ಜೀವ ಹೋಗ್ತಿದೆ, ಬರ್ದಾದ್ರೂ ತೋರ್ಸಿ" ಎಂದಳು. ರಾಯರು ಹಜಾರ, ಕೋಣೆ, ಅಡುಗೆಮನೆ ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಟ್ಟರು. ಮಧ್ಯಾಹ್ನದ ಮಂಪರಿನಲ್ಲಿ ಆಕೆ ಹಾಳೆಯ ಮೇಲೆ ಬೆರಳಿಟ್ಟು ನಡೆಯುತ್ತಿದ್ದಳು. ಬಾಗಿಲು ದಾಟಿ, ಪರದೆ ಸರಿಸಿ, ಒಲೆಯ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದಳು. ಬರೆದ ಕಿಟಕಿಯಿಂದಲೇ ಬಿಸಿಲು ಒಳಗೆ ಬಂದು ಬೀಳುತ್ತಿತ್ತೋ ಏನೋ! ಪುಣ್ಯಾತ್ಗಿತ್ತಿಯ ಮುಖದಲ್ಲಿ ಆಗ ನೋವೇ ಇರುತ್ತಿರಲಿಲ್ಲ.

ಆದರೆ ಆ ಅಡುಗೆಮನೆ ಈಗ ಇರಲಿಲ್ಲ. ಸೊಸೆ ಎಡಚಿ; ಅತ್ತೆ ಹಾಸಿಗೆ ಹಿಡಿದ ಕೆಲ ದಿನಕ್ಕೇ ಒಲೆಯನ್ನು ಕಿಟಕಿಯ ಕೆಳಗೆ ಸರಿಸಿ, ಡಬ್ಬಿ ಸೌಟುಗಳನ್ನೆಲ್ಲ ಎಡಗೈಗೆ ಸಿಗುವಂತೆ ಜೋಡಿಸಿಕೊಂಡಿದ್ದಳು. ತನ್ನ ಜಾಗ ಹೋಯಿತೆಂದು ಗೊತ್ತಾದರೆ ಹೆಂಡತಿ ಕೆಳಗಿಳಿಯುವ ಆಸೆಯನ್ನೇ ಬಿಟ್ಟುಬಿಟ್ಟಾಳು ಎಂದು ರಾಯರಿಗೆ ಭಯ. ಅದಕ್ಕೇ ಹಳೆಯದನ್ನೇ ಬರೆಯುತ್ತ ಹೋದರು.

ಒಂದು ದಿನ ಆಕೆಯ ಬೆರಳು ಅರ್ಧಕ್ಕೇ ನಿಂತಿತು.

"ಒಲೆ ಹಚ್ಚೋ ಸದ್ದು ಮೊದಲು ಕಾಲ ಕಡೆಯಿಂದ ಬರ್ತಿತ್ತು. ಈಗ ತಲೆದಿಂಬಿನ ಕೆಳಗಿಂದ ಬರುತ್ತೆ. ನನ್ನ ಕಿವಿ ಮೇಲೆ ಹೂ ಇಡ್ತೀರಾ?"

ರಾಯರು ತಬ್ಬಿಬ್ಬಾದರು. "ನೀನು ನೊಂದ್ಕೋತೀಯ ಅಂತ ಕಣೇ..."

"ನೊಂದ್ಕೊಂಡ್ರೆ ನೊಂದ್ಕೋತೀನಿ. ಮುಂದಿನ ತಿಂಗಳು ಮೆಟ್ಟಿಲು ಇಳೀಬಹುದು ಅಂದಿದ್ದಾರೆ ಡಾಕ್ಟ್ರು. ಇಳಿದು ಹೋಗಿ ಇಲ್ಲದ ಒಲೆ ಮುಂದೆ ನಿಲ್ಲಲಾ? ಇರೋದನ್ನ ಬರೀರಿ."

ಬರೆದರು. ಗೆರೆ ಎರಡು ಸಲ ಸೊಟ್ಟಗಾಯಿತು. ಆಕೆಯ ಬೆರಳು ಬಾಗಿಲು ದಾಟಿತು, ತಡವರಿಸಿತು, ಒಲೆಯ ಹೊಸ ಜಾಗವನ್ನು ಮುಟ್ಟಿತು. ಆಕೆಯ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹಾಳೆಗೆ ಬಗ್ಗಿದಳು.

"ಇದೇನ್ರೀ, ಅಡುಗೆಮನೇಲಿ ಕೈಯಿರೋ ಕುರ್ಚಿ?"

"ನಿನ್ನದೇ. ಒಲೆ ಸರಿಸಿದ ದಿನವೇ ಸೊಸೆ ತಂದಿಟ್ಲು, ಅತ್ತೆ ಬಂದ್ರೆ ಪಕ್ಕದಲ್ಲಿ ಕೂತು ಮಾತಾಡ್ಲಿ ಅಂತ. ನಿನ್ನ ಮಗನನ್ನೂ ಅದರಲ್ಲಿ ಕೂರೋಕೆ ಬಿಡಲ್ಲ."

ಆಕೆ ಬಹಳ ಹೊತ್ತು ಕುರ್ಚಿಯ ಮೇಲೆಯೇ ಬೆರಳಿಟ್ಟುಕೊಂಡಿದ್ದಳು. ಆಮೇಲೆ ಗಂಡನತ್ತ ತಿರುಗಿ ಸಿಡುಕಿದಳು.

"ಅಯ್ಯೋ ನಿಮ್ಮ! ಮೂರು ತಿಂಗಳು ನನ್ನನ್ನ ನಿಲ್ಲಿಸೇ ಇಟ್ಟಿದ್ರಲ್ರೀ!"